ಮೇಷ್ಟ್ರು ಬರೆದ ತಾರೀಖು

ಗೌರಿಕೊಪ್ಪಲಿನ ಮಿಡ್ಲ್ ಸ್ಕೂಲಿನ ಹೆಡ್‌ಮೇಷ್ಟ್ರು ಕಂಠಪ್ಪನವರಿಗೆ ಬರುವ ಏಪ್ರಿಲ್ ಹನ್ನೊಂದಕ್ಕೆ ಐವತ್ತೈದು ವರ್ಷ ತುಂಬುತ್ತದೆಂದೂ, ಅಂದು ಸಾಯಂಕಾಲ ಶಾಲೆಯ ಚಾರ್ಜು ವಹಿಸಿಕೊಟ್ಟು ನಿವೃತ್ತರಾಗತಕ್ಕದ್ದೆಂದೂ ಸರ್ಕಾರದಿಂದ ಕಾಗದ ಬಂತು. ಅದನ್ನು ಕೇಳಿ ಮೊದಲು ನಕ್ಕವರು ಅವರ ತಾಯಿ ಪುಟ್ಟಮಾದಮ್ಮ.

ಮನೆಯವರೆಲ್ಲ ಪಡಸಾಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಅಜ್ಜಿಯ ಕೈಯಿಂದ ಒಂದು ಕಾಳು ಚಿಮ್ಮಿ ಬಾಗಿಲಾಚೆ ಹೋಯಿತು.

"ಯಾರ್ಗಲಾ ಐವತ್ತೈದು?"

"ನನಗೇ ಕಣವ್ವ."

"ನೀನು ಹುಟ್ಟಿದ್ದು ಕಾರ್ತೀಕದ ಕಡೇ ಸ್ವಾಮಾರ. ಬೆಟ್ಟದಪುರದ ಬೆಟ್ಟದ ಮೇಲೆ ದೀಪ ಅಚ್ಚಿದ್ದು ನಮ್ಮಟ್ಟಿ ಬಾಗ್ಲಿಂದ ಕಾಣ್ತಿತ್ತು. ಎತ್ತವಳು ನಾನು. ನಿಂಗೆ ಐವತ್ತೊಂದು ತುಂಬಿ ಈ ಕಾರ್ತೀಕಕ್ಕೆ ಐವತ್ತೆರಡು. ಸರ್ಕಾರ ಏನು ನಿನ್ನ ಬಾಣಂತನ ಮಾಡಿತ್ತಾ?"

ಮೇಷ್ಟ್ರ ಹೆಂಡತಿ ಸುಂದ್ರಮ್ಮ ನಗಲಿಲ್ಲ. "ಅಂಗಾದ್ರೆ ಇನ್ನೂ ಮೂರೂವರೆ ವರ್ಸ ಕೆಲಸ ಐತಲ್ಲಾ? ಒಂದು ಅರ್ಜಿ ಬರುದ್ರೆ ಆಯ್ತು ಬುಡಿ," ಎಂದಳು.

ಕಂಠಪ್ಪನವರು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡರು. ಬಲಗೈ ನಡುಗುತ್ತಿತ್ತು. ಅದು ಕಾಗದ ಬಂದದ್ದಕ್ಕೆ ಶುರುವಾದ ನಡುಕವಲ್ಲ, ಎರಡು ವರ್ಷದಿಂದ ಇದ್ದದ್ದು. ಕಪ್ಪು ಹಲಗೆಯ ಮೇಲೆ ಅವರು ಎಳೆದ ಗೆರೆಗಳೆಲ್ಲ ಈಚೆಗೆ ಅಲ್ಲಲ್ಲಿ ಕುಣಿಯುತ್ತಿದ್ದವು.

ಕಥೆ ಇಷ್ಟೇ. ಸಾವಿರದ ಒಂಬೈನೂರ ಇಪ್ಪತ್ತೊಂದರಲ್ಲಿ ಅವರು ಕೆಲಸಕ್ಕೆ ಸೇರುವಾಗ ಹದಿನೆಂಟು ತುಂಬಿರಬೇಕು ಎಂದಿತ್ತು. ಹುಡುಗನಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಅಪ್ಪ ಯಾವ ಮೇಷ್ಟ್ರ ಕೈಕಾಲು ಹಿಡಿದರೋ, ಒಂದು ಸರ್ಟಿಫಿಕೇಟು ಬಂತು. ಎತ್ತಿನ ಗಾಡಿಯಲ್ಲಿ ಹುಣಸೂರಿಗೆ ಹೋಗುವಾಗ ದಾರಿಯುದ್ದಕ್ಕೂ ಅಪ್ಪ ಮಾಡಿಸಿದ ಬಾಯಿಪಾಠ: "ಏಪ್ರಿಲ್ ಹನ್ನೆರಡು, ಸಾವಿರದ ಒಂಬೈನೂರ ಮೂರು. ಇನ್ನೊಂದು ಸಲ ಹೇಳ್ಲಾ. ತಡವರಿಸಿದ್ರೆ ಕೆಲಸ ಇಲ್ಲ ಕಣ್ಲಾ." ಅಲ್ಲಿ ಹೋದ ಮೇಲೆ ಆಫೀಸಿನ ಸಾಹೇಬರು ಕೇಳಿದರು, ಮೀಸೆ ಬರದ ಹುಡುಗ ಒಂದು ಸಲ ತಡವರಿಸಿಯೂಬಿಟ್ಟ. ಸಾಹೇಬರು ಏನೋ ಬರೆಯುತ್ತಿದ್ದವರು ತಲೆ ಎತ್ತಲಿಲ್ಲ. ಹಾಗೆ ದಕ್ಕಿದ ಕೆಲಸ ಅದು.

"ಅರ್ಜಿ ಬರೆದರೆ ಆಗುತ್ತೆ," ಎಂದರು ಮೇಷ್ಟ್ರು. "ನನ್ನ ನಿಜವಾದ ವಯಸ್ಸು ಇಷ್ಟು ಅಂತ ಬರೀಬೇಕು. ಆಗ ಅವರು ಕೇಳ್ತಾರೆ, ಹಂಗಾದ್ರೆ ಹದಿನಾಲ್ಕು ವರ್ಷಕ್ಕೆ ಕೆಲಸಕ್ಕೆ ಹೆಂಗಯ್ಯಾ ಸೇರಿದೆ ಅಂತ. ಮೂವತ್ತೇಳು ವರ್ಷದ ಸರ್ವೀಸೂ ಹೋಯ್ತು, ಪಿಂಚಣಿಯೂ ಹೋಯ್ತು."

ಸುಂದ್ರಮ್ಮ ಮತ್ತೆ ಕಾಳಿಗೆ ಕೈ ಹಾಕಿದಳು. ಆ ರಾತ್ರಿ ಹಿತುಕಿದ ಅವರೆಯ ಸಾರು ಚೆನ್ನಾಗಿಯೇ ಆಗಿತ್ತು. ಎಲ್ಲರೂ ಊಟ ಮಾಡಿದರು.

ಇದರಲ್ಲಿ ತಮಾಷೆಯ ಮಾತೇನೆಂದರೆ, ಅರ್ಧ ಗೌರಿಕೊಪ್ಪಲಿಗೆ ಹುಟ್ಟಿದ ದಿನ ಕೊಟ್ಟವರು ಇದೇ ಕಂಠಪ್ಪನವರು. ಮಗುವನ್ನು ಶಾಲೆಗೆ ಸೇರಿಸಲು ಕರೆತಂದ ಅಪ್ಪನನ್ನು ಯಾವಾಗ ಹುಟ್ಟಿದ್ದು ಎಂದು ಕೇಳಿದರೆ, "ಕೆರೆ ಕೋಡಿ ಬಿದ್ದ ವರ್ಸ ಸಾಮಿ, ಉಚ್ಚೆಳ್ಳು ಊವಾಗಿತ್ತು," ಎನ್ನುವನು. ಅಷ್ಟೂ ಗೊತ್ತಿಲ್ಲದಿದ್ದರೆ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ಆರು ವರ್ಷ. ಉಳಿದದ್ದು ಮೇಷ್ಟ್ರ ಮರ್ಜಿ. ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ ಕೈಗೆ ಬಂದ ತಾರೀಖು ಹಾಕಿಬಿಡುತ್ತಿದ್ದರು. ಶಾಲೆಯ ಅಡ್ಮಿಷನ್ ರಿಜಿಸ್ಟರಿನಲ್ಲಿ ಘಂಟೆ, ಗಳಿಗೆ ಸಮೇತ ಗೊತ್ತಿದ್ದು ಬರೆದದ್ದು ಒಂದೇ ಒಂದು ತಾರೀಖು: ಅವರ ಮಗಳು ನೀಲಾಂಬಿಕೆಯದು. ಮೇ ಇಪ್ಪತ್ತು, ಸಾವಿರದ ಒಂಬೈನೂರ ನಲವತ್ತೆರಡು. ಅದನ್ನು ಬರೆದ ದಿನ ಅವರಿಗೆ ತುಂಬ ಹೆಮ್ಮೆಯಾಗಿತ್ತು.

ನೀಲಾ ಹಿಂದಿನ ವರ್ಷ ಲೋಯರ್ ಸೆಕೆಂಡರಿ ಪಾಸು ಮಾಡಿ ಮನೆಯಲ್ಲಿದ್ದಳು. ಬೆಳಿಗ್ಗೆ ಕೊಟ್ಟಿಗೆ, ನೀರು, ಅಜ್ಜಿಯ ಪೂಜೆಗೆ ಹೂವು. ಮಧ್ಯಾಹ್ನ ಅಪ್ಪನಿಗೆ ಬುತ್ತಿ. ಕಾಗದ ಬಂದ ವಾರಕ್ಕೆ ಸುಂದ್ರಮ್ಮ ಹುಣಸೂರಿನಲ್ಲಿರುವ ಮಗನಿಗೆ ಹೇಳಿಕಳಿಸಿ, ಮೈಸೂರಿನ ಹೆಣ್ಣುಮಕ್ಕಳ ಟ್ರೈನಿಂಗಿಗೆ ಹಾಕುವ ಅರ್ಜಿಯ ಫಾರಂ ತರಿಸಿದಳು. ಟ್ರೈನಿಂಗ್ ಆದರೆ ಮೇಷ್ಟ್ರಮ್ಮನ ಕೆಲಸ ಖಂಡಿತ. ಫಾರಮ್ಮನ್ನು ಮೇಷ್ಟ್ರೇ ಗಟ್ಟಿಯಾಗಿ ಓದಿದರು. ವಯಸ್ಸು ಜುಲೈ ಒಂದಕ್ಕೆ ಹದಿನೆಂಟು ತುಂಬಿರಬೇಕು. ಅದಕ್ಕೆ ಶಾಲೆಯ ಅಡ್ಮಿಷನ್ ರಿಜಿಸ್ಟರಿನ ನಕಲೇ ಆಧಾರ.

"ಎಂಟನೇ ಕ್ಲಾಸು ಪಾಸಾಗಿದ್ರೆ ಸಾಲ್ದಾ? ಅದ್ಯಾವ ಅದಿನೆಂಟೋ!" ಎಂದಳು ಸುಂದ್ರಮ್ಮ.

"ಇನ್ನೆರಡು ವರ್ಷ ಇರಲಿ ಬಿಡು. ಆಮೇಲೆ ಹಾಕಿದರಾಯ್ತು."

"ಇನ್ನೆರಡು ವರ್ಸ ಯಾರು ಇರಾಕೆ ಬುಡ್ತಾರೆ ಅವಳ್ನ?"

ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತಿತ್ತು.

ಫೆಬ್ರವರಿ ಮುಗಿಯುವ ಹೊತ್ತಿಗೆ ಶಾಲೆಯ ಬೀರುವಿಗೆ ಗೆದ್ದಲು ಬಿದ್ದದ್ದು ಗೊತ್ತಾಯಿತು. ಅಡ್ಮಿಷನ್ ರಿಜಿಸ್ಟರಿನ ಬೆನ್ನು ಪೂರಾ ಹೋಗಿತ್ತು, ಹಾಳೆಗಳ ಅಂಚು ಜರಡಿಯಾಗಿತ್ತು. ಇನ್‌ಸ್ಪೆಕ್ಟರು ಬಂದು ನೋಡಿ, ಹೊಸ ರಿಜಿಸ್ಟರಿಗೆ ಪೂರ್ತಿ ನಕಲು ತೆಗೆಯಬೇಕು, ಚಾರ್ಜು ಕೊಡುವ ದಿನ ಹೊಸ ಹೆಡ್‌ಮೇಷ್ಟ್ರ ಜೊತೆ ಕೂತು ಅಸಲಿನೊಂದಿಗೆ ತಾಳೆ ನೋಡಿ ಇಬ್ಬರೂ ರುಜು ಮಾಡಬೇಕು, ಆಮೇಲೆ ಹಳೆಯದನ್ನು ಸುಟ್ಟುಬಿಡಿ ಎಂದು ಬರೆದು ಹೋದರು. ಮೇಷ್ಟ್ರ ಕೈ ಆ ಸ್ಥಿತಿಯಲ್ಲಿತ್ತು. ನಕಲು ಬರೆಯುವುದು ನೀಲಾಳ ಪಾಲಿಗೆ ಬಂತು. ಅವಳ ಅಕ್ಷರ ಅಪ್ಪನದೇ ಅಚ್ಚು, ಅವರೇ ತಿದ್ದಿಸಿದ್ದು.

ಭಾನುವಾರಗಳಲ್ಲಿ ಬೆಳಿಗ್ಗೆ ರೊಟ್ಟಿ ತಿಂದು ಅಪ್ಪ ಮಗಳು ಶಾಲೆಯ ಜಗಲಿಗೆ ಹೋಗುವರು. ಅಪ್ಪ ಹಳೆಯದನ್ನು ಓದುವುದು, ಮಗಳು ಹೊಸದರಲ್ಲಿ ಬರೆಯುವುದು. ನಂಬರು, ಹೆಸರು, ತಂದೆ, ಕಸುಬು, ಹುಟ್ಟಿದ ತಾರೀಖು. ಸತ್ತವರು, ಹೆತ್ತವರು, ಕೊಡಗಿಗೆ ಕೂಲಿಗೆ ಹೋದವರು, ಎಲ್ಲರೂ ಆರೇಳು ವರ್ಷದ ಮಕ್ಕಳಾಗಿ ಸಾಲಿನಲ್ಲಿ ಬಂದರು.

ಸುಂದ್ರಮ್ಮನಿಗೆ ದಾರಿ ಕಂಡದ್ದು ಇದರಲ್ಲೇ. ಒಂದು ಸಂಜೆ ಮುದ್ದೆ ತಿರುವುತ್ತ, ಒಲೆಯ ಕಡೆ ಮುಖ ಮಾಡಿಯೇ ಹೇಳಿದಳು.

"ಓದ್ತಾ ಓದ್ತಾ ಎರಡು ಅನ್ನೋದ್ನ ನುಂಗ್ಬುಡಿ. ನಲವತ್ತು ಅಂದ್ರೆ ಬಾಯಿ ಬಿದ್ದೋಯ್ತದಾ?"

"ಏನು ಮಾತು ಅಂತ ಆಡ್ತೀಯ?"

"ಊರೋರ ಮಕ್ಕಳಿಗೆಲ್ಲ ಮನಸ್ಸಿಗೆ ಬಂದಂಗೆ ಬರುದ್ರಲ್ಲ. ಅವು ನಿಜ್ವಾ?"

"ಅದು ಗೊತ್ತಿಲ್ಲದೆ ಬರೆದದ್ದು. ಇದು ಗೊತ್ತಿದ್ದೂ ಬರೆಯೋದು."

"ತಾರೀಕು ಗೊತ್ತಿಲ್ದೋರು ಕೆಲಸ ಇಡ್ಕೊಂಡು ಎದ್ದೋದ್ರು, ಗೊತ್ತಿರೋಳು ಮೂಲೇಲಿ ಕೂತವ್ಳೆ," ಎಂದಳು ಸುಂದ್ರಮ್ಮ. ಮುದ್ದೆ ತಟ್ಟೆಗೆ ಬಿದ್ದ ಸದ್ದು ಎಂದಿಗಿಂತ ಜೋರಾಗಿತ್ತು.

ಅಜ್ಜಿ ಸೊಸೆಯ ಕಡೆಗೆ ಸೇರಿದರು. ಬೇರೆ ವಿಷಯದಲ್ಲಿ ಹಾವು ಮುಂಗುಸಿಯಂತಿದ್ದ ಅತ್ತೆ ಸೊಸೆ ಇದರಲ್ಲಿ ಒಂದಾದದ್ದು ಕಂಡು ಮೇಷ್ಟ್ರಿಗೆ ಆಶ್ಚರ್ಯವಾಯಿತು.

"ಲೇ ಕಂಠ, ಅವತ್ತು ನಿಮ್ಮಪ್ಪ ಅಷ್ಟು ಮಾಡಿದ್ದಕ್ಕೆ ಕಣೋ ನೀನಿವತ್ತು ಮುದ್ದೆ ಉಣ್ತಾ ಇರೋದು. ನಾನೂ ಉಣ್ತಾ ಇರೋದು."

"ಅಪ್ಪ ಮಾಡಿದ್ದಕ್ಕೇ ಇವತ್ತು ಮೂರೂವರೆ ವರ್ಷ ಮೊದಲೇ ಮನೆಗೆ ಕಳಿಸ್ತಾ ಇದ್ದಾರೆ. ನನಗೆ ಮಾಡಿದ್ದನ್ನ ನಾನು ನೀಲಂಗೆ ಮಾಡಲ್ಲ."

"ಮೂವತ್ತೇಳು ವರ್ಸ ಉಂಡಿದ್ದು ಲೆಕ್ಕಕ್ಕೆ ಬರ್ಲಿಲ್ಲ, ಮೂರೂವರೆ ಲೆಕ್ಕಕ್ಕೆ ಬಂತು!"

ನೀಲಾ ಬಂದು ಎಲ್ಲರಿಗೂ ಮಜ್ಜಿಗೆ ಬಡಿಸಿ ಹೋದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೇಳಬೇಕು ಎಂದು ಮೇಷ್ಟ್ರಿಗೂ ಹೊಳೆಯಲಿಲ್ಲ.

ಯುಗಾದಿಗೆ ಹಿರಿಯ ಮಗ ನಂಜಣ್ಣ ಹುಣಸೂರಿನಿಂದ ಬಂದ. ಅಲ್ಲಿ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ರೈಟರು ಅವನು. ಒಬ್ಬಟ್ಟಿನ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ವಿಷಯ ತೆಗೆದ.

"ಅಪ್ಪಾಜಿ, ಬೆಟ್ಟದಪುರದ ಕಡೇದು ಒಂದು ಸಂಬಂಧ ಐತೆ. ಪುಟ್ಟಮಲ್ಲಪ್ಪ ಅಂತ. ಸ್ವಂತ ಎರಡು ಬ್ಯಾರನ್ ಮನೆ ಇಟ್ಟು ಹೊಗೆಸೊಪ್ಪು ಬೇಯಿಸ್ತಾರೆ. ಮನೆ ತುಂಬ ರಾಗಿ."

"ಹುಡುಗನಿಗೆ ಎಷ್ಟು ವಯಸ್ಸು?"

"ಹುಡುಗ ಅಂದ್ರೆ... ಮೂವತ್ತಾರು ಅಂತಾರೆ. ಮೊದಲ್ನೇ ಹೆಂಡ್ತಿ ತೀರ್ಕೊಂಡವ್ರೆ. ಎರಡು ಮಕ್ಕಳು, ಅವುಕ್ಕೆ ಅಡುಗೆ ಮಾಡಿ ಹಾಕಾಕೆ ಒಬ್ರು ಬೇಕು."

"ಹಂಗಾದ್ರೆ ಅಡುಗೆಯವಳನ್ನ ಇಟ್ಕೊಳ್ಳಲಿ," ಎಂದು ಒಳಗಿನಿಂದ ಧ್ವನಿ ಬಂತು. ನೀಲಾಳದು. ಆ ಮನೆಯಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ನಂಜಣ್ಣನಿಗೆ ರೇಗಿತು. "ಎರಡು ವರ್ಸ ಕೂರಿಸ್ಕೊಂಡು ಏನ್ಮಾಡ್ತೀರಿ? ಅಪ್ಪಾಜಿ ಮನೇಲಿ ಕೂತ ಮೇಲೆ ನಿಮ್ಮನ್ನೂ ನಾನೇ ನೋಡ್ಬೇಕು. ನಂದೇ ನಂಗೆ ಸಾಕಾಗೈತೆ. ಜೂನಿಗೆ ಟ್ರೈನಿಂಗಿಗೆ ಕಳ್ಸಂಗಿದ್ರೆ ಕಳ್ಸಿ, ನಾನು ಬ್ಯಾಡ ಅಂದ್ನಾ? ಇಲ್ದೋದ್ರೆ ಅವರು ಜೂನಲ್ಲೇ ಲಗ್ನ ಕೇಳ್ತಾವ್ರೆ. ಆಷಾಡದ್ ಗಂಟ ಅವರು ಕಾಯಾಕಿಲ್ಲ."

"ಆಯ್ತು, ನೋಡಾನ," ಎಂದರು ಮೇಷ್ಟ್ರು.

ನೋಡಾನ ಎಂದರೆ ಅವರ ಬಾಯಲ್ಲಿ ಆಗಲಿ ಎಂದೇ ಅರ್ಥ. ನಂಜಣ್ಣ ಸಮಾಧಾನವಾಗಿ ಸಂಜೆಯ ಬಸ್ಸಿಗೆ ಹೋದ. ಸುಂದ್ರಮ್ಮ ಉಳಿದ ಒಬ್ಬಟ್ಟನ್ನು ನೆಲುವಿನಲ್ಲಿ ಇಟ್ಟಳು. ಮೇಷ್ಟ್ರಿಗೆ ತಮ್ಮ ಮೇಲೆ ನಾಚಿಕೆಯಾಯಿತು, ಆದರೆ ಅದು ಬಹಳ ದೂರದಲ್ಲಿ ಯಾರಿಗೋ ಆದ ಹಾಗಿತ್ತು. ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದ ಬೆರಳು ಜುಂ ಎನ್ನುವುದಿಲ್ಲವೇ, ಅಂಥ ಸ್ಥಿತಿ ಮನಸ್ಸಿಗೆ ಬಂದಿತ್ತು.

ಯುಗಾದಿಯಾದ ಭಾನುವಾರ ನಕಲಿನಲ್ಲಿ ನೀಲಾಳ ಸಾಲು ಬಂತು. ಮೇಷ್ಟ್ರಿಗೆ ಅದು ಬರುವುದು ಎರಡು ಪುಟ ಮುಂಚೆಯೇ ಗೊತ್ತಿತ್ತು. ಮಗಳಿಗೂ ಗೊತ್ತಿದ್ದಿರಬೇಕು. ಜಗಲಿಯ ಮುಂದೆ ಶಾಲೆಯ ಜವಾನ ಚಿಕ್ಕಮಾದಯ್ಯನ ಹಸು ಹೊಂಗೆಮರಕ್ಕೆ ಮೈ ಉಜ್ಜುತ್ತಿತ್ತು.

"ಇನ್ನೂರ ಹದಿನೇಳು," ಓದಿದರು ಮೇಷ್ಟ್ರು. "ನೀಲಾಂಬಿಕೆ. ತಂದೆ ಕಂಠಪ್ಪ. ಕಸುಬು ಉಪಾಧ್ಯಾಯ." ಒಂದು ಗುಟುಕು ನೀರು ಕುಡಿದರು. "ಮೇ ಇಪ್ಪತ್ತು. ಸಾವಿರದ ಒಂಬೈನೂರ... ನಲವತ್ತೆರಡು."

ಲೇಖನಿ ನಿಂತಿತು. ನೀಲಾ ಅದನ್ನು ಮಸಿ ಕುಡಿಕೆಗೆ ಅದ್ದಿ, ಅಂಚಿಗೆ ಒರೆಸಿ, ಮತ್ತೆ ಬರೆದಳು.

"ಮುಂದಕ್ಕೆ ಹೇಳಿ ಅಪ್ಪಾಜಿ."

"ಇನ್ನೂರ ಹದಿನೆಂಟು. ನಿಂಗಯ್ಯ. ತಂದೆ ಮಂಟಯ್ಯ. ಕಸುಬು ಬೇಸಾಯ."

ಮನೆಗೆ ಬಂದಾಗ ಸುಂದ್ರಮ್ಮ ಗಂಡನ ಮುಖ ನೋಡಿದಳು, ತಿಳಿದುಕೊಂಡಳು. ಆಮೇಲೆ ಹದಿನೈದು ದಿನ ಆ ಮನೆಯಲ್ಲಿ ಜಗಳವೂ ಇರಲಿಲ್ಲ. ಅನ್ನ ಇಟ್ಟಿದೆ ಅನ್ನುವುದು, ನೀರು ಕಾದಿದೆ ಅನ್ನುವುದು, ಅಷ್ಟೇ ಮಾತು. ಮೇಷ್ಟ್ರು ವಿಭೂತಿ ಹಚ್ಚಿ ಪೂಜೆಗೆ ಕೂತರೆ ಏಳುವುದನ್ನು ಮರೆಯುತ್ತಿದ್ದರು. ತಾವು ಮಾಡಿದ್ದು ಸರಿ ಎಂದು ಅವರಿಗೆ ಗೊತ್ತಿತ್ತು. ಅದರಿಂದ ಏನೂ ಸಮಾಧಾನ ಸಿಗಲಿಲ್ಲ. ಸುಂದ್ರಮ್ಮ ಒಂದು ದಿನ ತನ್ನ ಲಗ್ನದ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಜೂನಿಗೆ ಯಾರಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಏಪ್ರಿಲ್ ಹನ್ನೊಂದು, ಶುಕ್ರವಾರ. ಹೊಸ ಹೆಡ್‌ಮೇಷ್ಟ್ರು ಚಲುವಯ್ಯನವರು ಕೆ.ಆರ್. ನಗರದ ಕಡೆಯವರು, ಮೂವತ್ತೈದರ ಹುರುಪಿನ ಮನುಷ್ಯ. ಬೆಳಿಗ್ಗೆಯೇ ಕಂಪಲಾಪುರದಲ್ಲಿ ಬಸ್ಸಿಳಿದು ಸೈಕಲ್ಲಿನಲ್ಲಿ ಬಂದಿದ್ದರು. ಬೆಂಚು, ಗಡಿಯಾರ, ಭೂಪಟ, ತೂತು ಬಿದ್ದ ಬಿಂದಿಗೆ, ಎಲ್ಲ ಪಟ್ಟಿಗೆ ಸರಿಹೋಯಿತು. ಊಟವಾದ ಮೇಲೆ ಇಬ್ಬರೂ ರಿಜಿಸ್ಟರುಗಳನ್ನು ಹಿಡಿದು ಕೂತರು. ಹಳೆಯದು ಕಂಠಪ್ಪನವರ ಕೈಯಲ್ಲಿ, ಹೊಸದು ಚಲುವಯ್ಯನವರ ಕೈಯಲ್ಲಿ.

"ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಸಾರ್. ಕೈ ನಡುಗುತ್ತೆ ಅಂದ್ರಿ?"

"ಮಗಳು ಬರೆದದ್ದು."

"ಪುಣ್ಯವಂತರು ಬಿಡಿ."

ಚಲುವಯ್ಯ ಗಟ್ಟಿಯಾಗಿ ಓದುತ್ತ ಹೋದರು, ಕಂಠಪ್ಪನವರು ಹಳೆಯದರ ಮೇಲೆ ಬೆರಳಿಟ್ಟು "ಸರಿ, ಸರಿ" ಎನ್ನುತ್ತ ಹೋದರು. ಹೊರಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು. ನೂರು ದಾಟಿತು, ಇನ್ನೂರು ದಾಟಿತು.

"ಇನ್ನೂರ ಹದಿನೇಳು. ನೀಲಾಂಬಿಕೆ. ತಂದೆ ಕಂಠಪ್ಪ. ಓಹೋ, ಇವರೇನಾ ಸಾರ್? ಮೇ ಇಪ್ಪತ್ತು, ಸಾವಿರದ ಒಂಬೈನೂರ ನಲವತ್ತು."

ಕಂಠಪ್ಪನವರ ಬೆರಳು ಹಳೆಯ ಪುಟದ ಮೇಲಿತ್ತು. ಗೆದ್ದಲು ಆ ಸಾಲನ್ನು ಮುಟ್ಟಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವರ ಗಟ್ಟಿ ಕೈ ಬರೆದಿದ್ದ ನಲವತ್ತೆರಡು ಕಪ್ಪಗೆ, ಸ್ಪಷ್ಟವಾಗಿ ಕೂತಿತ್ತು.

ಚಲುವಯ್ಯ ತಲೆ ಎತ್ತಿದರು. "ಸರೀನಾ ಸಾರ್?"

ಮಕ್ಕಳು ಏಳರ ಮಗ್ಗಿ ಮುಗಿಸಿ ಎಂಟಕ್ಕೆ ಬಂದವು.

"ಸರಿ," ಎಂದರು ಕಂಠಪ್ಪ.

ಕೊನೆಯ ಪುಟದಲ್ಲಿ ಚಲುವಯ್ಯನವರು 'ಅಸಲಿನೊಂದಿಗೆ ತಾಳೆ ನೋಡಿದೆ, ಸರಿಯಿದೆ' ಎಂದು ಬರೆದು ತಮ್ಮ ರುಜು ಹಾಕಿ ಮುಂದಕ್ಕೆ ಸರಿಸಿದರು. ಕಂಠಪ್ಪನವರು ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ರುಜು ಮಾಡಿದರು. ಆಮೇಲೆ ಹಳೆಯ ರಿಜಿಸ್ಟರನ್ನು ತಾವೇ ಎತ್ತಿಕೊಂಡು ಹೋಗಿ ಶಾಲೆಯ ಹಿಂದೆ ಸುಟ್ಟರು. ಗೆದ್ದಲು ತಿಂದ ಕಾಗದ, ಬೇಗ ಹತ್ತಿಕೊಂಡಿತು. ಅದು ಪೂರಾ ಬೂದಿಯಾಗುವವರೆಗೂ ನಿಂತಿದ್ದು, ಕೋಲಿನಿಂದ ಕೆದಕಿ ನೋಡಿ ಬಂದರು. ಊರವರು ಹಾರ ಹಾಕಿದರು, ಬಾಳೆಹಣ್ಣು ಕೊಟ್ಟರು, ಚಿಕ್ಕಮಾದಯ್ಯ ಅತ್ತ. ಮೇಷ್ಟ್ರು ಅಳಲಿಲ್ಲ.

ಮನೆಯಲ್ಲಿ ನೀಲಾ ಒಬ್ಬಳೇ ಇದ್ದಳು, ಒಳಕಲ್ಲಿನಲ್ಲಿ ಹುಚ್ಚೆಳ್ಳು ಚಟ್ನಿ ರುಬ್ಬುತ್ತಿದ್ದಳು. ಅಪ್ಪನ ಕೊರಳಿನ ಹಾರ ಇಸಿದುಕೊಂಡು ಗೂಟಕ್ಕೆ ಹಾಕಿದಳು.

"ರುಜು ಮಾಡಿದ್ರಾ ಅಪ್ಪಾಜಿ?"

"ಹೂಂ."

ಅವಳು ಮತ್ತೆ ಒಳಕಲ್ಲಿನ ಮುಂದೆ ಕೂತಳು. ಗುಂಡು ಎರಡು ಸುತ್ತು ತಿರುಗಿತು.

"ಯಾವಾಗ ಬರೆದೆ?"

"ನೀವು ನಲವತ್ತೆರಡು ಅಂತ ಓದಿದಾಗ್ಲೇ."

"ಕೈ ನಡುಗಲಿಲ್ವಾ?"

"ಇಲ್ಲ."

"ನಿಮ್ಮವ್ವ ಹೇಳಿಕೊಟ್ಟಳಾ?"

"ಅವ್ವಂಗೆ ಇನ್ನೂ ಗೊತ್ತಿಲ್ಲ. ನೀವು ಸುಳ್ಳು ಓದಲ್ಲ ಅಂತ ನಂಗೆ ಗೊತ್ತಿತ್ತು. ಆ ಬೆಟ್ಟದಪುರದೋರ ಮನೆಗೆ ನಾನು ಹೋಗಲ್ಲ ಅಪ್ಪಾಜಿ. ಅದುಕ್ಕೆ ಬರದೆ. ಬೈಯಂಗಿದ್ರೆ ಬೈಯಿರಿ."

ಮೇಷ್ಟ್ರು ಬೈಯಲಿಲ್ಲ. ಒಳಗೆ ಹೋಗಿ ಕಾಲು ತೊಳೆದುಕೊಂಡು ಬಂದು, "ಉಪ್ಪು ಸ್ವಲ್ಪ ಮುಂದಾಗಿ ಹಾಕು," ಎಂದರು.

ಅರ್ಜಿ ಹೋಯಿತು. ಚಲುವಯ್ಯನವರೇ ರಿಜಿಸ್ಟರಿನ ನಕಲಿಗೆ ರುಜು ಹಾಕಿ, ಸೀಲು ಒತ್ತಿ, ಹುಡುಗಿ ಬುದ್ಧಿವಂತೆ ಎಂದು ಎರಡು ಮಾತು ಸೇರಿಸಿ ಕೊಟ್ಟರು. ಮೇ ಕೊನೆಗೆ ಮೈಸೂರಿನಿಂದ ಸೀಟು ಸಿಕ್ಕಿದ ಕಾಗದ ಬಂತು. ಸುಂದ್ರಮ್ಮ ನೆರೆಹೊರೆಗೆಲ್ಲ ಬೆಲ್ಲ ಹಂಚಿದಳು. ನಂಜಣ್ಣ ಬೆಟ್ಟದಪುರದವರಿಗೆ ಇಲ್ಲ ಎಂದು ಹೇಳಿಕಳಿಸಿದ. ಅಜ್ಜಿ ಮಾತ್ರ ಮೊಮ್ಮಗಳ ತಲೆ ನೇವರಿಸಿ, "ನಿಮ್ಮ ತಾತನ ಕೈ ಬಂದದೆ ಇವಳಿಗೆ," ಎಂದರು.

ಜೂನ್ ಎರಡನೇ ವಾರ, ಬೆಳಿಗ್ಗೆ. ಕಂಪಲಾಪುರದ ಬಸ್ಸಿಗೆ ಅಪ್ಪ ಮಗಳು ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದರು. ಟ್ರಂಕು ಮೇಷ್ಟ್ರ ಹೆಗಲ ಮೇಲಿತ್ತು. ಮಗಳು ತಾನು ಹೊರುತ್ತೇನೆ ಎಂದರೂ ಬಿಟ್ಟಿರಲಿಲ್ಲ. ನೀಲಾ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದಿದ್ದಳು. ಹೊಗೆಸೊಪ್ಪಿನ ಎಳೆ ಪೈರು ಎರಡು ಕಡೆಯೂ ಎದ್ದಿತ್ತು.

ಟಾರು ರಸ್ತೆ ಕಂಡಾಗ ಮೇಷ್ಟ್ರು ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು.

"ನೀಲಾ."

"ಏನಪ್ಪಾಜಿ?"

"ಹುಟ್ಟಿದ ತಾರೀಖು ಹೇಳು."

ಅವಳು ಒಂದು ಗಳಿಗೆ ಅಪ್ಪನ ಮುಖ ನೋಡಿದಳು. "ಮೇ ಇಪ್ಪತ್ತು, ಸಾವಿರದ ಒಂಬೈನೂರ ನಲವತ್ತು."

"ಇನ್ನೊಂದು ಸಲ ಹೇಳು."

"ಮೇ ಇಪ್ಪತ್ತು, ಸಾವಿರದ ಒಂಬೈನೂರ ನಲವತ್ತು."

ಅವಳು ತಡವರಿಸಲಿಲ್ಲ. ಬಸ್ಸು ಕಾಣುವವರೆಗೂ ಮೇಷ್ಟ್ರು ಅದನ್ನೇ ಕೇಳುತ್ತಿದ್ದರು, ಅವಳು ಅದನ್ನೇ ಹೇಳುತ್ತಿದ್ದಳು.